ಮುಖ ಬದಲಾಯ್ತು, ಆಮೇಲೆ? ‘ಎ ಡಿಫರೆಂಟ್ ಮ್ಯಾನ್’ ಸಿನಿಮಾ ಎತ್ತುವ ಪ್ರಶ್ನೆ

ಇವತ್ತಿನ ಸಂಚಿಕೆ ನನ್ನ ಮೂಗಿನಿಂದ ಶುರುವಾಗುತ್ತೆ.

ಇಷ್ಟು ದಿನ ನೀವು ನನ್ನ ದನಿ ಮಾತ್ರ ಕೇಳ್ತಿದ್ರಿ. ಇನ್ಮೇಲೆ ಪಾಡ್‌ಕಾಸ್ಟ್‌ಗೆ ವಿಡಿಯೋನೂ ಇರಲಿ ಅಂತ ಆಫೀಸ್‌ನಲ್ಲಿ ತೀರ್ಮಾನ ಆಯ್ತು. ಟ್ರಯಲ್ ಶೂಟ್ ನೋಡಿದೆ. ಏನು ಮಾತಾಡಿದೀನಿ ಅನ್ನೋದು ಕಿವಿಗೇ ಬೀಳಲಿಲ್ಲ, ಕಣ್ಣೆಲ್ಲಾ ಮೂಗಿನ ಮೇಲೆ. ಶಾಲೆಯಲ್ಲಿ ‘ಗಿಣಿಮೂಗು’ ಅಂತ ಕರೀತಿದ್ದದ್ದು ನೆನಪಾಯ್ತು. ಆ ರಾತ್ರಿ ಒಂದು ಗಂಟೆವರೆಗೂ ಮೂಗಿನ ಸರ್ಜರಿಯ ‘ಬಿಫೋರ್-ಆಫ್ಟರ್’ ರೀಲ್ಸ್ ನೋಡಿದೆ. ಒಬ್ಬ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಅಪಾಯಿಂಟ್‌ಮೆಂಟ್ ಕೂಡ ತಗೊಂಡೆ.

ಅದೇ ವಾರ ನೋಡಿದ್ದು ‘ಎ ಡಿಫರೆಂಟ್ ಮ್ಯಾನ್’. 2024ರ ಅಮೆರಿಕನ್ ಸಿನಿಮಾ, ನಿರ್ದೇಶಕ ಆರನ್ ಶಿಂಬರ್ಗ್. ಡಾರ್ಕ್ ಕಾಮಿಡಿ. ಅಂದ್ರೆ ನಗು ಬರುತ್ತೆ, ನಕ್ಕ ಮೇಲೆ ‘ಯಾಕಪ್ಪಾ ನಕ್ಕೆ’ ಅಂತ ಮುಜುಗರವೂ ಆಗುತ್ತೆ. ಕಥೆ ಪೂರ್ತಿ ಹೇಳ್ತೀನಿ, ಸಿನಿಮಾ ನೋಡಬೇಕು ಅಂತಿರೋರು ನೋಡ್ಕೊಂಡು ಬನ್ನಿ.

ನ್ಯೂಯಾರ್ಕ್‌ನಲ್ಲಿ ಎಡ್ವರ್ಡ್ ಅಂತ ಒಬ್ಬ. ನಟ ಆಗೋ ಆಸೆ. ನ್ಯೂರೋಫೈಬ್ರೊಮಟೋಸಿಸ್ ಅನ್ನೋ ಕಾಯಿಲೆಯಿಂದ ಮುಖದ ತುಂಬಾ ಗೆಡ್ಡೆಗಳು. ಅವನಿಗೆ ಸಿಕ್ಕಿರೋ ಪಾತ್ರ ಯಾವುದು ಗೊತ್ತಾ? ‘ಮುಖ ಬೇರೆ ಥರ ಇರೋ ಸಹೋದ್ಯೋಗಿ ಜತೆ ಹೇಗೆ ನಡ್ಕೋಬೇಕು’ ಅಂತ ಆಫೀಸ್‌ನವರಿಗೆ ಹೇಳಿಕೊಡೋ ಟ್ರೇನಿಂಗ್ ವಿಡಿಯೋ! ಪಕ್ಕದ ಮನೆಗೆ ಇಂಗ್ರಿಡ್ ಬರ್ತಾಳೆ. ನಾಟಕ ಬರೆಯೋಳು. ಸ್ನೇಹ ಬೆಳೆಯುತ್ತೆ, ಆದ್ರೆ ಮನಸ್ಸಲ್ಲಿರೋದನ್ನ ಹೇಳೋ ಧೈರ್ಯ ಇವನಿಗಿಲ್ಲ.

ಆಮೇಲೆ ಒಂದು ಪ್ರಾಯೋಗಿಕ ಚಿಕಿತ್ಸೆ. ಹಳೇ ಮುಖ ತುಂಡುತುಂಡಾಗಿ ಕಳಚಿ, ಒಳಗಿಂದ ಸುಂದರ ಮುಖ ಹೊರಗೆ ಬರುತ್ತೆ. ಎಡ್ವರ್ಡ್ ಸತ್ತೋದ ಅಂತ ಹೇಳಿ, ‘ಗೈ’ ಅನ್ನೋ ಹೊಸ ಹೆಸರಿಟ್ಕೊಂಡು, ರಿಯಲ್ ಎಸ್ಟೇಟ್ ಏಜೆಂಟ್ ಆಗಿ ದುಡ್ಡು ಮಾಡ್ತಾನೆ.

ಇಲ್ಲೇ ಮಜಾ ಶುರು. ಇಂಗ್ರಿಡ್ ತನ್ನ ಹಳೇ ನೆರೆಯವನ ಬಗ್ಗೆ ನಾಟಕ ಬರೆದಿದ್ದಾಳೆ. ‘ಎಡ್ವರ್ಡ್’ ಪಾತ್ರಕ್ಕೆ ಆಡಿಷನ್ ಕೊಟ್ಟು ಗೆಲ್ಲೋದು ಇವನೇ. ತನ್ನದೇ ಹಳೇ ಮುಖದ ಮುಖವಾಡ ಹಾಕ್ಕೊಂಡು ತನ್ನದೇ ಪಾತ್ರ ಮಾಡ್ತಾನೆ. ಅಷ್ಟರಲ್ಲಿ ಆಸ್ವಾಲ್ಡ್ ಬರ್ತಾನೆ. ಅದೇ ಕಾಯಿಲೆ, ಅಂಥದೇ ಮುಖ. ಆದ್ರೆ ಮಾತಿನ ಮಲ್ಲ, ಕರೋಕೆಯಲ್ಲಿ ಹಾಡ್ತಾನೆ, ಹೋದಲ್ಲೆಲ್ಲಾ ಜನ ಅವನ ಸುತ್ತ. ಕೊನೆಗೆ ನಾಟಕದ ಪಾತ್ರವೂ ಅವನಿಗೆ, ಇಂಗ್ರಿಡ್ ಕೂಡ ಅವನಿಗೆ. ಹೊಟ್ಟೆಕಿಚ್ಚು ಗೈಯನ್ನ ಜೈಲಿನ ತನಕ ಕರ್ಕೊಂಡು ಹೋಗುತ್ತೆ. ವರ್ಷಗಳ ನಂತರ ಸಿಕ್ಕ ಆಸ್ವಾಲ್ಡ್, ‘ನೀನು ಒಂಚೂರೂ ಬದಲಾಗಿಲ್ಲ’ ಅನ್ನೋ ಅರ್ಥದ ಮಾತಾಡ್ತಾನೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಗೈ ಪಾತ್ರ ಮಾಡಿರೋದು ಸೆಬಾಸ್ಟಿಯನ್ ಸ್ಟಾನ್. ಹಳೇ ಮುಖ ಮೇಕಪ್ ಕಲಾವಿದ ಮೈಕ್ ಮರಿನೋ ಅವರ ಕೈಚಳಕ. ಸ್ಟಾನ್‌ಗೆ ಬರ್ಲಿನ್ ಚಿತ್ರೋತ್ಸವದಲ್ಲಿ ಸಿಲ್ವರ್ ಬೇರ್ ಬಂತು. ಆದ್ರೆ ಆಸ್ವಾಲ್ಡ್ ಪಾತ್ರಕ್ಕೆ ಮೇಕಪ್ ಬೇಕಾಗಲಿಲ್ಲ. ನಟ ಆಡಂ ಪಿಯರ್ಸನ್‌ಗೆ ನಿಜವಾಗಿಯೂ ಆ ಕಾಯಿಲೆ ಇದೆ. ಇನ್ನೊಂದು ವಿಷಯ: ಅವರ ತದ್ರೂಪಿ ಅವಳಿ ಸಹೋದರನಿಗೂ ಅದೇ ಕಾಯಿಲೆ, ಆದ್ರೆ ಅವರ ಮುಖದ ಮೇಲೆ ಹೀಗೆ ಗೆಡ್ಡೆಗಳಿಲ್ಲ. ಜೀನ್ ಒಂದೇ, ಮುಖ ಬೇರೆ. ನಿರ್ದೇಶಕ ಶಿಂಬರ್ಗ್ ಕೂಡ ಸೀಳುತುಟಿ ಇಟ್ಕೊಂಡು ಹುಟ್ಟಿದವರು. ಹಾಗಾಗಿ ಈ ಸಿನಿಮಾದಲ್ಲಿ ದೂರದಿಂದ ‘ಅಯ್ಯೋ ಪಾಪ’ ಅನ್ನೋ ನೋಟ ಇಲ್ಲ.

ನ್ಯೂರೋಫೈಬ್ರೊಮಟೋಸಿಸ್ ಟೈಪ್ 1 ಸುಮಾರು 3,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತೆ. 17ನೇ ಕ್ರೋಮೋಸೋಮ್‌ನ ಒಂದು ಜೀನ್‌ನಲ್ಲಿ ಆಗೋ ಬದಲಾವಣೆ ಇದಕ್ಕೆ ಕಾರಣ. ಅರ್ಧದಷ್ಟು ಮಂದಿಗೆ ಅಪ್ಪ-ಅಮ್ಮನಿಂದ ಬಂದಿರುತ್ತೆ, ಉಳಿದವರಲ್ಲಿ ಹೊಸದಾಗಿ ಆಗಿರುತ್ತೆ. ಮುಟ್ಟಿದ್ರೆ ಹರಡಲ್ಲ. ಗೆಡ್ಡೆ ತೆಗೆದ್ರೂ ಮತ್ತೆ ಬೆಳೀಬಹುದು. ಕೆಲವು ಗೆಡ್ಡೆಗಳನ್ನ ಕುಗ್ಗಿಸೋ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಮುಖವೇ ಕಳಚಿ ಹೊಸದು ಬರೋದು ಸಿನಿಮಾದಲ್ಲಿ ಮಾತ್ರ.

ಇನ್ನು ಪ್ಲಾಸ್ಟಿಕ್ ಸರ್ಜರಿ. ಸುಟ್ಟ ಗಾಯ, ಸೀಳುತುಟಿ, ಆಕ್ಸಿಡೆಂಟ್, ಇವಕ್ಕೆಲ್ಲ ಅದು ದೊಡ್ಡ ವರ. ಅದನ್ನ ಬೈಯೋಕೆ ನಾನಿಲ್ಲಿ ಬಂದಿಲ್ಲ. ಅಂದಕ್ಕಾಗಿ ಮಾಡಿಸಿಕೊಳ್ಳೋದೂ ಅವರವರ ಇಷ್ಟ. ಆದ್ರೆ ಅದು ಪಾರ್ಲರ್‌ಗೆ ಹೋಗಿ ಬಂದಂಗಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸೋ ಸರ್ಜರಿಗೆ ಹೋದ ಕನ್ನಡ ಕಿರುತೆರೆಯ 21 ವರ್ಷದ ನಟಿ ವಾಪಸ್ ಬರಲಿಲ್ಲ. ಆ ಸುದ್ದಿ ಓದುವಾಗ ನನ್ನ ದನಿ ನಡುಗಿತ್ತು. ಇನ್ನೊಂದು ಸಮಸ್ಯೆ ‘ಬಾಡಿ ಡಿಸ್ಮಾರ್ಫಿಯಾ’. ಬೇರೆಯವರ ಕಣ್ಣಿಗೆ ಕಾಣದ, ಕಂಡರೂ ಸಣ್ಣದು ಅನ್ನಿಸೋ ಕೊರತೆ ಇವರಿಗೆ ದಿನವಿಡೀ ಕಾಡುತ್ತೆ. ಇವರಿಗೆ ಸರ್ಜರಿಯಿಂದ ಸಮಾಧಾನ ಸಿಗೋದು ಅಪರೂಪ. ಬೇಕಾಗಿರೋದು ಮಾನಸಿಕ ಚಿಕಿತ್ಸೆ.

ಅಪಾಯಿಂಟ್‌ಮೆಂಟ್‌ಗೆ ನಾನು ಹೋದೆ. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. ‘ಮೂಗು ಸರಿಯಾದ್ರೆ ನಿಮ್ಮ ಜೀವನದಲ್ಲಿ ಏನು ಬದಲಾಗುತ್ತೆ ಅಂದ್ಕೊಂಡಿದೀರಿ?’ ಉತ್ತರ ಹೊಳೀಲಿಲ್ಲ. ‘ಯೋಚಿಸಿ ಬನ್ನಿ, ಮೂಗು ಎಲ್ಲೂ ಹೋಗಲ್ಲ’ ಅಂತ ನಕ್ಕು ಕಳಿಸಿದ್ರು.

‘ನಿನ್ನನ್ನ ನೀನು ಒಪ್ಕೋ’ ಅಂತ ಹೇಳೋದು ಸುಲಭ. ಆಸ್ವಾಲ್ಡ್ ಆ ಡೈಲಾಗ್ ಹೊಡೆಯೋದೇ ಇಲ್ಲ. ಹಾಡ್ತಾನೆ, ಹರಟ್ತಾನೆ, ಪ್ರೀತಿಸ್ತಾನೆ. ಮುಖ ಸರಿಯಾದ ಮೇಲೆ ಬದುಕು ಶುರು ಮಾಡೋಣ ಅಂತ ಕಾದವನು ಎಡ್ವರ್ಡ್. ಆ ರಾತ್ರಿ ರೀಲ್ಸ್ ನೋಡ್ತಿದ್ದಾಗ ನಾನೂ ಹಾಗೇ ಕಾಯ್ತಿದ್ದೆ.

ಮೂಗಿನ ಬಗ್ಗೆ ಇನ್ನೂ ಏನೂ ತೀರ್ಮಾನ ಮಾಡಿಲ್ಲ. ಮುಂದಿನ ವಾರದಿಂದ ವಿಡಿಯೋ ಬರುತ್ತೆ, ಸದ್ಯಕ್ಕೆ ಇದೇ ಮೂಗಿನ ಜತೆ. ಸಿಗೋಣ, ನಮಸ್ಕಾರ.