ನಿಮಗಿದು ಗೊತ್ತೆ? ಹೆಸರು ಒಂದೇ, ಹೂರಣ ಬೇರೆ!

ವಯಸ್ಕರ ಶಿಕ್ಷಣ ಎಂದರೆ ಎಲ್ಲ ದೇಶಗಳಲ್ಲೂ ಒಂದೇ ಅರ್ಥವಲ್ಲ. 1978ರ ಅಕ್ಟೋಬರ್ 2ರಂದು ಭಾರತ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮ 15ರಿಂದ 35 ವರ್ಷದೊಳಗಿನ ಅನಕ್ಷರಸ್ಥರಿಗೆ ಅಕ್ಷರ ಕಲಿಸಲು ಹೊರಟಿತ್ತು. ಈಗಿನ ಡೆನ್ಮಾರ್ಕಿನ ರೊಡಿಂಗ್‌ನಲ್ಲಿ 1844ರಲ್ಲಿ ಹುಟ್ಟಿದ ‘ಜನತಾ ಶಾಲೆ’ಗಳ ಕಥೆಯೇ ಬೇರೆ. ಓದುಬರಹ ಬಲ್ಲವರೇ ಅಲ್ಲಿಗೆ ಬಂದು ತಂಗುತ್ತಾರೆ. ಹಾಡು, ಚರ್ಚೆ, ಕೈಕಸುಬು ಎಲ್ಲವೂ ಉಂಟು. ಪರೀಕ್ಷೆ, ಅಂಕಗಳ ಗೊಡವೆ ಮಾತ್ರ ಇಲ್ಲ!

ಇಂಥ ಭಿನ್ನ ವ್ಯವಸ್ಥೆಗಳನ್ನು ಹೋಲಿಸುವುದು ಹೇಗೆ? ಇದನ್ನೇ ಚರ್ಚಿಸಲು 1966ರಲ್ಲಿ ವಿದ್ವಾಂಸರು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಎಕ್ಸೆಟರ್‌ನಲ್ಲಿ ಸೇರಿದ್ದರು. ಮುಂದೆ ಜರ್ಮನಿಯ ಬಾಂಬರ್ಗ್‌ನ ಪ್ರಾಧ್ಯಾಪಕ ಯೋಸ್ಟ್ ರೈಶ್‌ಮನ್ ಅವರ ಮುಂದಾಳತ್ವದಲ್ಲಿ, ದೇಶ ದೇಶಗಳ ಸಂಶೋಧಕರನ್ನು ಬೆಸೆಯುವ ‘ತೌಲನಿಕ ವಯಸ್ಕರ ಶಿಕ್ಷಣದ ಅಂತರರಾಷ್ಟ್ರೀಯ ಸಂಘ’ ರೂಪುಗೊಂಡಿತು.