ಜಾಲಿಮುಳ್ಳು ಜಿಗಿದಾಗ

ಅಭ್ಯಾಸ ಪಾಠಕ್ಕೆ ಏಳನೆಯ ತರಗತಿಯವರನ್ನು ಬೇಲಿಯ ಕರಿಜಾಲಿಯ ಬಳಿ ಕರೆದೊಯ್ದಿದ್ದೆ. ಒಂದು ‘ಮುಳ್ಳು’ ಟಪ್ಪನೆ ಜಿಗಿಯಿತು. ಸುತ್ತ ಗೊದ್ದಗಳಿದ್ದವು. “ಇರುವೆ ಈ ಹುಳುಗಳನ್ನು ತಿನ್ನುತ್ತಿವೆ” ಎಂದುಬಿಟ್ಟೆ.

“ಮತ್ತೆ ಇವು ಯಾಕೆ ಓಡಲ್ಲ, ಟೀಚರ್?” ಎಂದಳು ಒಬ್ಬಳು.

ಮರುದಿನ ಮಸೂರ ಒಯ್ದೆವು. ಎದೆಯ ಮೇಲ್ಚಿಪ್ಪು ಎರಡು ಕೊಂಬುಗಳಾಗಿ ಎದ್ದು, ಹಿಂದಕ್ಕೆ ಹೊಟ್ಟೆಯ ಮೇಲೆ ಮೊನೆಯಾಗಿ ಚಾಚಿತ್ತು. ಹಾಗಿದ್ದರೆ ಟ್ರೀಹಾಪರ್, ಮೆಂಬ್ರಾಸಿಡೇ ಕುಟುಂಬ. ಕೊಂಬಿನ ರೂಪ, ಜಾಲಿಯ ಆಸರೆ ಎರಡೂ ಆಕ್ಸಿರಾಕಿಸ್ ಟರಾಂಡಸ್‌ಗೆ ಹೊಂದುತ್ತವೆ. ಆದರೆ ಫೋಟೋ ನೋಡಿ ಪ್ರಭೇದ ಖಚಿತಪಡಿಸಬಾರದು; ದಾಖಲೆಯಲ್ಲಿ ‘ಬಹುಶಃ’ ಎಂದೇ ಬರೆಸಿದೆ.

ಹೆಣ್ಣು ಎಳೆಕಾಂಡ ಸೀಳಿ ಮೊಟ್ಟೆಯಿಡುತ್ತದೆ. ಮರಿಗಳು ರಸ ಹೀರಿ, ಹೆಚ್ಚಾದ ಸಿಹಿನೀರನ್ನು ಹಿಂಬದಿಯಿಂದ ಹನಿಸುತ್ತವೆ. ಗೊದ್ದ ಕುಡಿಮೀಸೆಯಿಂದ ತಟ್ಟಿ ಕುಡಿಯುತ್ತಿದ್ದುದು ಅದನ್ನೇ. ಪ್ರತಿಯಾಗಿ ಶತ್ರುಗಳಿಂದ ಕಾವಲು.

“ನಿನ್ನೆ ನಾನು ಹೇಳಿದ್ದು ತಪ್ಪು” ಎಂದು ಕಪ್ಪುಹಲಗೆಯಲ್ಲಿ ಬರೆದೆ. ಮಕ್ಕಳು ಅದನ್ನೂ ನಕಲು ಮಾಡಿಕೊಂಡರು.