ನಾಳೆ ಒಂಬತ್ತೂವರೆಗೆ ಒಬ್ಬ ಸ್ಕ್ರೈಬ್ ಬೇಕು

2018ರ ನವೆಂಬರ್. ಧಾರವಾಡದ ಒಂದು ಕಾಲೇಜಿನ ಸ್ಟಾಫ್ ರೂಮಿನ ಮೂಲೆಯಲ್ಲಿ ಎರಡು ಕುರ್ಚಿ, ಒಂದು ಟೇಬಲ್. ನಾನಾಗ ದ್ವಿತೀಯ ಪಿಯುಸಿ. ಎದುರಿಗೆ ಕೂತವರು ಬಿ.ಎ. ಮೂರನೇ ಸೆಮಿಸ್ಟರಿನ ವಿದ್ಯಾರ್ಥಿ. ಹುಟ್ಟಿನಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಅವರು ಹೇಳಿದಂತೆ ಪರೀಕ್ಷೆ ಬರೆಯಲು ಬರಬೇಕಿದ್ದ ಹುಡುಗನಿಗೆ ಜ್ವರ ಬಂದು, ಹಿಂದಿನ ಸಂಜೆ ಅವರ ಹಾಸ್ಟೆಲಿನ ಗೆಳೆಯರು ನಮ್ಮ ಓಣಿಯಲ್ಲಿ ಮನೆಮನೆಗೆ ಹೋಗಿ ‘ನಾಳೆ ಒಂಬತ್ತೂವರೆಗೆ ಒಬ್ಬ ಸ್ಕ್ರೈಬ್ ಬೇಕ್ರೀ’ ಎಂದು ಕೇಳಿದ್ದರು. ಅವ್ವ ನನ್ನನ್ನು ಮುಂದೆ ಮಾಡಿದಳು.

‘ತಂಗಿ, ಮೊದಲ ಪ್ರಶ್ನೆಪತ್ರಿಕೆ ಪೂರ್ತಿ ಓದು. ಆಮ್ಯಾಲೆ ಬರ್ಯಾಕ ಶುರು ಮಾಡೂಣು’ ಎಂದರು ಅಣ್ಣ. ಇತಿಹಾಸದ ಪತ್ರಿಕೆ. ಎರಡು ಸಲ ಕೇಳಿಸಿಕೊಂಡು, ಯಾವ ಪ್ರಶ್ನೆಗೆ ಎಷ್ಟು ಅಂಕ ಎಂದು ಬೆರಳು ಮಡಚಿ ಲೆಕ್ಕ ಹಾಕಿದರು. ಮುಂದೆ ಅವರ ಮಾತಿಗೆ ತಡೆಯೇ ಇರಲಿಲ್ಲ, ತಡೆಯಿದ್ದದ್ದು ನನ್ನ ಕೈಗೆ. ನಾನು ‘ವಿಷ್ಣುವರ್ಧನ’ ಎಂದು ಬರೆದು ಮುಗಿಸುವಷ್ಟರಲ್ಲಿ ಅವರು ತಲಕಾಡಿನ ಗೆಲುವು ದಾಟಿ ಮುಂದೆ ಹೋಗಿರುತ್ತಿದ್ದರು. ನಡುವೆ ಒಮ್ಮೆ ನಿಲ್ಲಿಸಿ, ‘ಸ್ವಾತಂತ್ರ್ಯ ಬರದಿಯಲ್ಲ, ಕೆಳಗ ಯ ಒತ್ತು ಕೊಟ್ಟಿ ಏನು?’ ಎಂದು ಕೇಳಿದರು. ಕೊಟ್ಟಿರಲಿಲ್ಲ. ಹಿಂದಿನ ಪುಟ ತಿರುವಿ ನೋಡಿದರೆ ಮೂರು ಕಡೆ ಅದೇ ತಪ್ಪು. ಮೌಲ್ಯಮಾಪಕರಿಗೆ ಅದು ಯಾರ ಕೈಯ ತಪ್ಪೆಂದು ಹೇಗೆ ಗೊತ್ತಾಗಬೇಕು? ಅಕ್ಷರ ನನ್ನದು, ಕಳೆಯುವ ಅಂಕ ಅವರದು.

ಒಂದು ಗಂಟೆಗೆ ಬೆಲ್ ಆಯಿತು. ಮೇಲ್ವಿಚಾರಕರು ಬಂದು ಪೇಪರ್ ಕೊಡಿ ಎಂದರು. ಅಣ್ಣ ಅಂಗಿಯ ಜೇಬಿನಿಂದ ಮಡಿಕೆಯಲ್ಲೇ ಹರಿಯತೊಡಗಿದ್ದ ಒಂದು ಝೆರಾಕ್ಸ್ ಪ್ರತಿ ತೆಗೆದು, ‘ಸರ್, ನಮಗ ತಾಸಿಗೆ ಇಪ್ಪತ್ತು ನಿಮಿಷ ಹೆಚ್ಚಿಗಿ ಅದರಿ’ ಎಂದರು. ಜಗಳದ ದನಿಯಲ್ಲ, ಹೇಳಿ ಹೇಳಿ ರೂಢಿಯಾದ ದನಿ. ಅವರಿವರಿಗೆ ಫೋನು ಮಾಡಿ ಒಪ್ಪಿಗೆ ಬರುವ ಹೊತ್ತಿಗೆ ಹತ್ತು ನಿಮಿಷ ಹೋಗಿತ್ತು. ಆ ಹತ್ತು ನಿಮಿಷವನ್ನು ಯಾರೂ ಅವರಿಗೆ ಮರಳಿ ಕೊಡಲಿಲ್ಲ.

ಆ ಕಾಗದ ಕೇಂದ್ರ ಸರ್ಕಾರ 2018ರ ಆಗಸ್ಟಿನಲ್ಲಿ ಹೊರಡಿಸಿದ ಮಾರ್ಗಸೂಚಿ. ಮೂರು ತಾಸಿನ ಪರೀಕ್ಷೆಗೆ ಒಂದು ತಾಸು ಹೆಚ್ಚುವರಿ ಸಮಯ, ಸಾಧ್ಯವಾದಷ್ಟೂ ನೆಲಮಹಡಿಯಲ್ಲೇ ಕೊಠಡಿ ಎಂದು ಅದರಲ್ಲಿತ್ತು. ವಿದ್ಯಾರ್ಥಿ ತಾನೇ ಕರೆತರುವ ಸ್ಕ್ರೈಬ್ ಓದಿನಲ್ಲಿ ಒಂದು ಹಂತ ಕೆಳಗಿರಬೇಕಿತ್ತು. ಪರೀಕ್ಷೆ ನಡೆಸುವವರೇ ಜಿಲ್ಲಾ ಮಟ್ಟದಲ್ಲಿ ಸ್ಕ್ರೈಬ್‌ಗಳ ಪಟ್ಟಿ ಮಾಡಿಟ್ಟುಕೊಳ್ಳಬಹುದಿತ್ತು. ಹಾಗೆ ಕೊಟ್ಟ ಸ್ಕ್ರೈಬ್ ತನಗೆ ಸರಿಹೊಂದುವರೇ ಎಂದು ನೋಡಲು ವಿದ್ಯಾರ್ಥಿಗೆ ಎರಡು ದಿನ ಮೊದಲೇ ಭೇಟಿ ಮಾಡಿಸಬೇಕಿತ್ತು. ಎರಡು ದಿನ! ನಾವಿಬ್ಬರು ಪರಸ್ಪರ ಹೆಸರು ಕೇಳಿಕೊಂಡದ್ದು ಪರೀಕ್ಷೆಗೆ ಇಪ್ಪತ್ತು ನಿಮಿಷ ಇದ್ದಾಗ. ಪಟ್ಟಿಯೊಂದು ಇದ್ದಿದ್ದರೆ ಆ ಸಂಜೆ ಅವರು ಓದುತ್ತ ಕೂತಿರುತ್ತಿದ್ದರು. ಅದರ ಬದಲು, ಯಾರಾದರೂ ಸಿಗುತ್ತಾರೋ ಇಲ್ಲವೋ ಎಂದು ಕಾಯುತ್ತ ಕೂತಿದ್ದರು.

ಕಾನೂನಿಗೇನೂ ಕೊರತೆಯಿಲ್ಲ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ ಏಳು ಬಗೆಯಿದ್ದ ವೈಕಲ್ಯದ ಪಟ್ಟಿಯನ್ನು 21ಕ್ಕೆ ಏರಿಸಿತು. ಸರ್ಕಾರಿ, ಅನುದಾನಿತ ಕಾಲೇಜುಗಳ ಸೀಟುಗಳಲ್ಲಿ ಶೇ 3ರಷ್ಟಿದ್ದ ಮೀಸಲು ಶೇ 5 ಆಯಿತು. ಅಗತ್ಯವಾದ ಅನುಕೂಲ ಮಾಡಿಕೊಡದಿರುವುದೂ ತಾರತಮ್ಯವೇ ಎಂದು ಅದೇ ಕಾಯ್ದೆ ಹೇಳುತ್ತದೆ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬರೆಯಲು ಕೂತರೆ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಎಂಬಿಬಿಎಸ್ ಪದವೀಧರರೊಬ್ಬರಿಗೆ ಯುಪಿಎಸ್‌ಸಿ ಸ್ಕ್ರೈಬ್ ನಿರಾಕರಿಸಿತ್ತು. ಸ್ಕ್ರೈಬ್ ಕೇಳಲು ಶೇ 40ರ ವೈಕಲ್ಯದ ಪ್ರಮಾಣಪತ್ರ ಇರಲೇಬೇಕೆಂದಿಲ್ಲ ಎಂದಿತು ಕೋರ್ಟು. ಅದೇ ವರ್ಷ ನವೆಂಬರಿನಲ್ಲಿ ಬಂದ ತೀರ್ಪು ನನ್ನನ್ನು ಇನ್ನೂ ಕಾಡುತ್ತದೆ. ಡಿಸ್‌ಗ್ರಾಫಿಯಾ, ಅಂದರೆ ಬರೆಯುವುದೇ ಕಷ್ಟವಾಗುವ ತೊಂದರೆ ಇದ್ದ ಹುಡುಗಿಯೊಬ್ಬಳಿಗೆ ನೀಟ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡದೆ ಉತ್ತರಪತ್ರಿಕೆ ಕಿತ್ತುಕೊಂಡಿದ್ದರು. ಆದದ್ದು ಅನ್ಯಾಯವೆಂದು ಕೋರ್ಟು ಒಪ್ಪಿತು, ಸರಿಪಡಿಸುವ ದಾರಿ ಹುಡುಕಿ ಎಂದು ಪರೀಕ್ಷಾ ಸಂಸ್ಥೆಗೆ ಹೇಳಿತು. ಆದರೆ ಮರುಪರೀಕ್ಷೆ ಆಗಲಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಕಳೆದುಹೋದ ಸಮಯವನ್ನು ದೇಶದ ಅತಿ ದೊಡ್ಡ ನ್ಯಾಯಾಲಯಕ್ಕೂ ತಿರುಗಿ ಕೊಡಿಸಲಾಗಲಿಲ್ಲ.

ಪರೀಕ್ಷೆ ವರ್ಷಕ್ಕೆರಡು ಸಲ. ಓದು ದಿನದಿನದ್ದು. ಅಲ್ಲಿ ಕನ್ನಡ ಮಾಧ್ಯಮದ ಅಂಧ ವಿದ್ಯಾರ್ಥಿಗೆ ಎದುರಾಗುವ ತೊಡಕು ಕಣ್ಣಿದ್ದವರ ಗಮನಕ್ಕೇ ಬರುವುದಿಲ್ಲ. ಇಂದು ಎನ್‌ವಿಡಿಎಯಂಥ ಉಚಿತ ತಂತ್ರಾಂಶ ಕಂಪ್ಯೂಟರಿನ ಪರದೆಯಲ್ಲಿರುವುದನ್ನು ಕನ್ನಡದಲ್ಲೇ ಓದಿ ಹೇಳುತ್ತದೆ, ಆದರೆ ಕಡತ ಯೂನಿಕೋಡಿನಲ್ಲಿರಬೇಕು. ನಮ್ಮ ಎಷ್ಟೋ ಮೇಷ್ಟ್ರುಗಳ ನೋಟ್ಸು ಈಗಲೂ ಹಳೆಯ ನುಡಿ ಫಾಂಟಿನಲ್ಲಿದೆ. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. ‘ಕನ್ನಡ’ ಎಂಬ ಪದವೇ ಅಲ್ಲಿ ಇಂಗ್ಲಿಷಿನ ‘ಪಿ’ಯಿಂದ ಶುರುವಾಗುತ್ತದೆ. ಹಾಸ್ಟೆಲಿನಲ್ಲಿ ಅಣ್ಣ ಒಮ್ಮೆ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟು ಅಂಥ ಕಡತವೊಂದನ್ನು ಕೇಳಿಸಿದರು. ಒಂದು ಪದವೂ ಅರ್ಥವಾಗಲಿಲ್ಲ. ‘ಇದು ನಮ್ಮ ಸಿಲೆಬಸ್ ನೋಡು’ ಎಂದರು. ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಕೈಬರಹದ ನೋಟ್ಸನ್ನು ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಿದರಂತೂ ಅದನ್ನು ಯಾರಾದರೂ ಕೂತು ಓದಿ ಹೇಳಬೇಕು.

ಬೋರ್ಡಿನ ಮೇಲೆ ಬರೆದದ್ದನ್ನು ಬಾಯಿಬಿಟ್ಟು ಓದುವುದಕ್ಕೆ ಯಾವ ಅನುದಾನವೂ ಬೇಡ. ಬೋರ್ಡಿಗೆ ಮುಖ ಮಾಡಿ ಪಾಠ ಹೇಳದಿದ್ದರೆ, ತುಟಿಯ ಚಲನೆ ನೋಡಿ ಅರ್ಥ ಮಾಡಿಕೊಳ್ಳುವ ಕಿವಿ ಕೇಳದ ಹುಡುಗಿಗೆ ಅರ್ಧ ಪಾಠವಾದರೂ ದಕ್ಕುತ್ತದೆ. ಗಾಲಿಕುರ್ಚಿಯ ಒಬ್ಬ ವಿದ್ಯಾರ್ಥಿಗಾಗಿ ತರಗತಿಯನ್ನು ಎರಡನೇ ಮಹಡಿಯಿಂದ ಕೆಳಗಿಳಿಸಲು ವೇಳಾಪಟ್ಟಿ ಬರೆಯುವವರು ಮನಸ್ಸು ಮಾಡಿದರಾಯಿತು. ಇವನ್ನೆಲ್ಲ ಉಪಕಾರವೆಂದು ಮಾಡುವವರಿದ್ದಾರೆ, ಅವರ ಒಳ್ಳೆಯತನದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಮೇಷ್ಟ್ರಿಗೆ ವರ್ಗವಾದ ಮರುದಿನ ಉಪಕಾರವೂ ಅವರ ಜೊತೆಗೇ ಹೊರಟುಹೋಗುತ್ತದೆ. ಪ್ರವೇಶದ ಅರ್ಜಿಯಲ್ಲೇ ‘ನಿಮಗೇನು ಬೇಕು’ ಎಂಬ ಒಂದು ಸಾಲಿಟ್ಟು, ಅದನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿದರೆ ಮಾತ್ರ ಅದು ಕಾಲೇಜಿನ ಕೆಲಸವಾಗುತ್ತದೆ.

ಎಂ.ಎ. ಮುಗಿದಿರುವುದರಿಂದ ಬಿ.ಎ. ಪರೀಕ್ಷೆ ಬರೆದುಕೊಡಲು ನಾನೀಗ ಬರುವುದಿಲ್ಲ. ಆದರೂ ಸ್ಕ್ರೈಬ್ ಬೇಕೆಂದು ಪ್ರತಿ ಸೆಮಿಸ್ಟರಿಗೆ ಫೋನು ಬರುತ್ತದೆ. ಕಳೆದ ಸಲ ಬಂದಾಗ ಪಕ್ಕದ ಮನೆಯ, ಪಿಯುಸಿ ಓದುವ ಹುಡುಗಿಯನ್ನು ಕೇಳಿದೆ. ಒಪ್ಪಿಕೊಂಡಳು. ರಾತ್ರಿ ಹತ್ತರ ಸುಮಾರಿಗೆ ಬಾಗಿಲು ಬಡಿದಳು. ಕೈಯಲ್ಲೊಂದು ನೋಟುಬುಕ್ಕು.

‘ಅಕ್ಕಾ, ನಂಗ ಒತ್ತಕ್ಷರ ಭಾಳ ತಪ್ಪತಾವು. ಒಂದು ತಾಸು ಉಕ್ತಲೇಖನ ಹೇಳ್ತಿ ಏನು?’